ಖಾತೆಗೆ ಜಮಾ ಆಗದ್ದು

ನಮ್ಮ ಕಡೆ ಯಾರನ್ನಾದರೂ ನಿಲ್ಲಿಸಿ "ಪಂಚಾಯ್ತಿ ಆಫೀಸಿಗೆ ಯಾಕೆ ಹೋಗ್ತೀರ?" ಎಂದು ಕೇಳಿ ನೋಡಿ. ಇ-ಸ್ವತ್ತು ಮಾಡಿಸೋದಕ್ಕೆ, ಮನೆ ಬಿಲ್ ಎಲ್ಲಿವರೆಗೂ ಬಂತು ಅಂತ ವಿಚಾರಿಸೋದಕ್ಕೆ, ಕಂದಾಯ ಕಟ್ಟೋದಕ್ಕೆ, ನರೇಗಾದಲ್ಲಿ ದನದ ಕೊಟ್ಟಿಗೆಗೆ ಹೆಸರು ಬರೆಸೋದಕ್ಕೆ. ಎಲ್ಲವೂ ನನ್ನ ಮನೆ, ನನ್ನ ಸೈಟು, ನನ್ನ ಅರ್ಜಿ. "ಊರಿನ ವಿಷಯ ಮಾತಾಡೋದಕ್ಕೆ" ಎಂದವರನ್ನು ನಾನು ಕಂಡಿದ್ದು ಬಹಳ ಕಡಿಮೆ.

ಕೋಲಾರ ತಾಲ್ಲೂಕಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ, ಹನ್ನೊಂದನೇ ಅನುಸೂಚಿ, ಅದರಲ್ಲಿರುವ 29 ವಿಷಯಗಳು, ಇದೆಲ್ಲವನ್ನೂ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಈಗ ಊರಲ್ಲೇ ಇದ್ದೇನೆ. ಗ್ರಾಮಸಭೆ ಎಂದು ಟಾಂ ಟಾಂ ಹೊಡೆದಾಗಲೆಲ್ಲ ಹೋಗಿ ಕೂರುತ್ತೇನೆ. ಕೂತು ಕೂತು, ಈ ಸಂಸ್ಥೆ ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷ ಯಾವ ಕೆಲಸಕ್ಕಾಗಿ ಇರಬೇಕು ಎನ್ನುವ ಪ್ರಶ್ನೆ ನನ್ನನ್ನು ಬಿಡದೆ ಕಾಡತೊಡಗಿದೆ.

ಹಂಚುವ ಕೆಲಸವಂತೂ ಅದರ ಕೈಯಿಂದ ನಿಧಾನವಾಗಿ ಜಾರುತ್ತಿದೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ನೇರವಾಗಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ವೃದ್ಧಾಪ್ಯ ವೇತನ, ವಿಧವಾ ವೇತನ, ಮಕ್ಕಳ ಸ್ಕಾಲರ್‌ಶಿಪ್, ರೈತರಿಗೆ ಕೇಂದ್ರ ಕೊಡುವ ವರ್ಷದ 6,000, ಹಾಲಿನ ಪ್ರೋತ್ಸಾಹಧನ, ಕೂಲಿ ಹಣ, ಎಲ್ಲವೂ ಖಾತೆಗೇ ಜಮಾ. ಇದು ಒಳ್ಳೆಯದೇ ಆಯಿತು ಎನ್ನುವವಳು ನಾನು. ಹತ್ತು ರೂಪಾಯಿಯ ಸವಲತ್ತಿಗೆ ಸದಸ್ಯರ ಮನೆ ಜಗಲಿಯ ಮೇಲೆ ಅರ್ಧ ದಿನ ಕಾಯುತ್ತಿದ್ದ ಹೆಂಗಸರನ್ನು ನೋಡಿದ್ದೇನೆ. ಆ ಕಾಯುವಿಕೆ ಮತ್ತೆ ಬರುವುದು ಬೇಡ.

ಆದರೆ ಹಣ ಹೀಗೆ ಫೋನಿಗೇ ಬಂದು ಬೀಳುವ ಕಾಲದಲ್ಲಿ ಪಂಚಾಯಿತಿಗೆ ಉಳಿಯುವುದೇನು? ಯಾರ ಖಾತೆಗೂ ಜಮಾ ಮಾಡಲಾಗದ ಸಂಗತಿಗಳು ಉಳಿಯುತ್ತವೆ. ಕೆರೆಯನ್ನು ಖಾತೆಗೆ ಹಾಕಲು ಬರುವುದಿಲ್ಲ. ಚರಂಡಿ, ಬೀದಿ ದೀಪ, ಗೋಮಾಳ, ಗುಂಡುತೋಪು, ಸ್ಮಶಾನದ ದಾರಿ, ಊರ ಹೊರಗೆ ಸುರಿಯುವ ಕಸ, ಒಬ್ಬರೇ ಇರುವ ಮುದುಕರ ಸಂಜೆ ಹೊತ್ತು, ಇವು ಯಾವುವೂ ಆಧಾರ್‌ಗೆ ಲಿಂಕ್ ಆಗುವುದಿಲ್ಲ. ಎಲ್ಲರೂ ಕೂತು ಮಾತಾಡಿ ತೀರ್ಮಾನ ಮಾಡಿದರೆ ಮಾತ್ರ ಇವು ನೆಟ್ಟಗಿರುತ್ತವೆ. ಪಂಚಾಯಿತಿಯ ಮುಂದಿನ ದಿನಗಳು ಇಲ್ಲಿವೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಈಗ ಅದರ ಕೈಲಿ ಅತಿ ಕಡಿಮೆ ಅಧಿಕಾರ ಇರುವುದೂ ಇವುಗಳ ಮೇಲೆಯೇ.

ಕೆರೆಯನ್ನೇ ತೆಗೆದುಕೊಳ್ಳಿ. ನನ್ನ ಯೋಚನೆಯೆಲ್ಲ ಹುಟ್ಟಿದ್ದು ನಮ್ಮೂರ ಕೆರೆ ಏರಿಯ ಮೇಲೆ ನಡೆದಾಡುವಾಗ.

ವರ್ಷವಿಡೀ ಹರಿಯುವ ಹೊಳೆ ಎನ್ನುವುದೊಂದು ನಮ್ಮ ಜಿಲ್ಲೆಯಲ್ಲಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಹೆಸರಿಗೆ ಇವೆ. ಅದಕ್ಕೇ ಹಿಂದಿನವರು ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಅಂಗಳಕ್ಕೆ ಬೀಳುವ ಹಾಗೆ ಸಾಲು ಹಿಡಿದು ಕೆರೆ ಕುಂಟೆ ಕಟ್ಟಿದರು. ಸಾವಿರಾರು ಕೆರೆಗಳ ಜಿಲ್ಲೆ ಎಂಬ ಹೆಸರು ಬಂದಿದ್ದು ಹಾಗೆ. ಬೋರ್‌ವೆಲ್ ಬಂದ ಮೇಲೆ ಕೆರೆಯ ಕಡೆ ತಿರುಗಿ ನೋಡುವವರು ಇಲ್ಲವಾದರು. ಅಂಗಳದಲ್ಲಿ ಜಾಲಿ ಬೆಳೆಯಿತು, ದಿಣ್ಣೆ ತುಂಬ ನೀಲಗಿರಿ ಬಂತು, ಕೆರೆ ಮಣ್ಣು ಇಟ್ಟಿಗೆ ಗೂಡು ಸೇರಿತು, ಮಣ್ಣು ತೊಳೆದು ಫಿಲ್ಟರ್ ಮರಳು ಮಾಡುವವರು ಅಂಗಳದಲ್ಲಿ ಗುಂಡಿ ತೋಡಿದರು. ಕೊಳವೆಬಾವಿ ಸಾವಿರ ಅಡಿ ದಾಟಿ ಸಾವಿರದ ಇನ್ನೂರು ಅಡಿಗೆ ಇಳಿಯಿತು. ಬಂದ ನೀರಿನಲ್ಲಿ ಫ್ಲೋರೈಡ್. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಪ್ರತಿ ಊರಿನ ಲಕ್ಷಣವಾಯಿತು.

2018ರ ಜೂನ್‌ನಲ್ಲಿ ನರಸಾಪುರದ ಹತ್ತಿರ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿಯ ನೀರು ಬಂತು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಸಂಸ್ಕರಿಸಿ, ಪಂಪು ಮಾಡಿ, ನಮ್ಮ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್ ಎನ್ನುವುದು ಅದರ ಗುರಿ. ಬಂದ ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿತು, ವಿಷಯ ಹೈಕೋರ್ಟಿಗೆ ಹೋಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಪಟ್ಟು ಹಿಡಿಯಿತು. ಆ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ನಂಬಿಕೆ. ಹಾಗೆಯೇ, ಆ ನೀರು ಬಂದ ಮೇಲೆ ಬತ್ತಿದ್ದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಸಿಕ್ಕಿದ್ದೂ ನಿಜ. ಹಿಪ್ಪುನೇರಳೆ ಕಿತ್ತು ಹಾಕಿದ್ದವರು ಮತ್ತೆ ನೆಟ್ಟರು, ಟೊಮ್ಯಾಟೊ ಎರಡು ಬೆಳೆ ತೆಗೆದರು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ನಮ್ಮ ಜಿಲ್ಲೆಯ ಕಥೆ ಅರ್ಧವಾಗುತ್ತದೆ.

ಈ ನೀರಿಗೆ ಒಂದು ನಿಯಮವಿದೆ. ಇದು ಅಂತರ್ಜಲ ತುಂಬಿಸುವುದಕ್ಕೆ ಮಾತ್ರ. ಕೆರೆಗೆ ಮೋಟರ್ ಇಟ್ಟು ಎತ್ತುವಂತಿಲ್ಲ. ಕಾರಣ ಅರ್ಥವಾಗುವಂಥದ್ದೇ. ಮೇಲಿನ ಊರಿನವರು ಎತ್ತಿಕೊಂಡರೆ ಕೆಳಗಿನ ಕೆರೆಗೆ ನೀರು ಇಳಿಯುವುದಿಲ್ಲ. ಆದರೂ ರಾತ್ರಿ ಮೋಟರ್ ಓಡುತ್ತವೆ, ಯಾರದು ಎಂದು ಎಲ್ಲರಿಗೂ ಗೊತ್ತು, ಕೇಳುವವರು ಯಾರು ಎನ್ನುವುದು ಮಾತ್ರ ಗೊತ್ತಿಲ್ಲ. ನಮ್ಮಲ್ಲಿ ಕೆರೆಯ ಯಜಮಾನಿಕೆ ಹಂಚಿ ಹರಿದಿದೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಪಂಚಾಯತ್ ವ್ಯವಸ್ಥೆಗೆ ಸೇರಿದ್ದು, ಹೆಚ್ಚಿದ್ದರೆ ಸಣ್ಣ ನೀರಾವರಿಗೆ. ಒತ್ತುವರಿ ತೆರವು ಕಂದಾಯದವರ ಕೆಲಸ. ಅಂಗಳದಲ್ಲಿ ನೆಟ್ಟ ಮರ ಅರಣ್ಯದವರದ್ದು. ದೊಡ್ಡ ಕೆರೆಯ ಮೀನು ಗುತ್ತಿಗೆ ಮೀನುಗಾರಿಕೆಯವರದ್ದು. ಏರಿಯ ಮೇಲೆ ರಸ್ತೆಯಿದ್ದರೆ ಅದಕ್ಕೆ ಇನ್ನೊಬ್ಬರು. ದಿನ ಬೆಳಗಾದರೆ ಆ ಕೆರೆಯನ್ನು ನೋಡುವ ಊರಿಗೆ ಅದರ ಮೇಲೆ ಒಂದು ಸಹಿಯ ಅಧಿಕಾರವಿಲ್ಲ.

ಒಂದು ಗ್ರಾಮಸಭೆಯಲ್ಲಿ ಹಸು ಸಾಕುವ ಹೆಣ್ಣುಮಗಳೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಕೆರೆ ನೀರು ಟೆಸ್ಟ್ ಮಾಡ್ಸಿದ್ದೀರಾ? ನಮ್ಮ ದನ ಅದನ್ನೇ ಕುಡಿತಾವೆ." ವೇದಿಕೆಯ ಮೇಲಿನಿಂದ ಬಂದ ಉತ್ತರ: "ಅದು ನಮ್ಮ ಲಿಮಿಟ್ಟಿಗೆ ಬರಲ್ಲಮ್ಮ." ಅಷ್ಟಕ್ಕೇ ಮುಗಿಯಿತು. ಮುಂದಿನ ವಿಷಯ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ. ಆ ಪಟ್ಟಿಯ ಮೇಲೆ ಎರಡು ಗಂಟೆ ಜಗಳ ನಡೆಯಿತು. ಉತ್ತರ ಹೇಳಿದ ಅಧಿಕಾರಿಯನ್ನು ನಾನು ದೂರುವುದಿಲ್ಲ. ಅವರು ಹೇಳಿದ್ದು ಕಾಗದದ ಪ್ರಕಾರ ಸರಿ. ಆ ಕಾಗದವನ್ನೇ ಬದಲಾಯಿಸಬೇಕು ಎನ್ನುವುದು ನನ್ನ ವಾದ.

ನಮ್ಮೂರಿನಲ್ಲಿ ಒಬ್ಬ ಹಿರಿಯರಿದ್ದಾರೆ. ಅವರ ಮನೆತನ ತಲೆಮಾರುಗಳಿಂದ ನೀರಗಂಟಿ ಕೆಲಸ, ಅಂದರೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಕೆಲಸ ಮಾಡಿದ್ದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಎಲ್ಲಿ ಕಾಲುವೆ ಒಡೆಯುತ್ತದೆ, ಎಷ್ಟು ಮಳೆಗೆ ಕೋಡಿ ಬೀಳುತ್ತದೆ ಎನ್ನುವುದೆಲ್ಲ ಅವರ ಬೆರಳ ತುದಿಯಲ್ಲಿತ್ತು. ಹಳೆಯ ಕಾಲ ಎಷ್ಟು ಚೆನ್ನಾಗಿತ್ತು, ಊರೆಲ್ಲ ಒಂದಾಗಿ ಕೆರೆ ನೋಡಿಕೊಳ್ಳುತ್ತಿತ್ತು ಎಂದು ಯಾರೋ ಅವರ ಮುಂದೆ ಹೇಳಿದಾಗ ಅವರು ನನ್ನ ಕಡೆ ತಿರುಗಿ ಅಂದರು: "ತೂಬು ಎತ್ತೋಕೆ ಮುಂಚೆ ಯಾರ ಗದ್ದೆಗೆ ಮೊದಲು ಅಂತ ಅರಳೀಕಟ್ಟೆ ಮೇಲೆ ಕೂತು ಮಾತಾಡೋರು ಟೀಚರಮ್ಮ. ನಾನು ತೂಬು ಎತ್ತೋನು. ಮಾತಾಡೋನಲ್ಲ."

ಆ ಮಾತನ್ನು ನಾನು ಮರೆಯಲಾರೆ. ಊರು ಎಂದರೆ ಒಂದೇ ಅಲ್ಲ. ಕಟ್ಟೆಯ ಮೇಲೆ ಕೂರುವವರು, ದೂರ ನಿಲ್ಲುವವರು ಎಂದು ಅದು ಒಡೆದೇ ಇತ್ತು, ಇನ್ನೂ ಎಷ್ಟೋ ಕಡೆ ಒಡೆದೇ ಇದೆ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದದ್ದು ನಮ್ಮ ಅವಿಭಜಿತ ಕೋಲಾರ ಜಿಲ್ಲೆಯಲ್ಲೇ. ಸಮುದಾಯವನ್ನು ಮತ್ತೆ ಕಟ್ಟಬೇಕು ಎಂದು ಮಾತಾಡುವಾಗ ಇದನ್ನು ಬದಿಗಿಟ್ಟು ಮಾತಾಡುವವರನ್ನು ನಾನು ಒಪ್ಪುವುದಿಲ್ಲ. ಹಳೆಯ ಕಟ್ಟೆ ಪಂಚಾಯ್ತಿ ಬೇಡ. ಚುನಾವಣೆ, ಮೀಸಲಾತಿ, ನಡಾವಳಿ ಪುಸ್ತಕ, ಪ್ರಶ್ನೆ ಕೇಳುವ ಕಾನೂನು ಇರುವ ಪಂಚಾಯಿತಿಯೇ ಬೇಕು. ಕರ್ನಾಟಕ ಈ ದಾರಿಯಲ್ಲಿ ದೇಶಕ್ಕಿಂತ ಮುಂದೆ ನಡೆದ ರಾಜ್ಯ. 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಕಾಲು ಭಾಗ ಸ್ಥಾನ ಹೆಂಗಸರಿಗಿತ್ತು. 2010ರಿಂದ ಅರ್ಧ ಭಾಗ.

ಆ ನೀರಗಂಟಿ ಹಿರಿಯರ ಸೊಸೆ ಮೀಸಲು ಸ್ಥಾನದಿಂದ ಗೆದ್ದು ಪಂಚಾಯಿತಿ ಸದಸ್ಯೆಯಾದಳು. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿದ್ಯಾರ್ಥಿನಿ, ಧೈರ್ಯದ ಹುಡುಗಿ. ಸಭೆಯಲ್ಲಿ ಕುರ್ಚಿಯ ಮೇಲೆ ಕೂತು, ಎದುರಿಗಿರುವವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾಳೆ. ಆದರೆ ಅವಳ ಮಾವ ಬದುಕಿಡೀ ಕಾದ ಕೆರೆಯ ವಿಷಯ ಬಂದಾಗ ಅವಳಿಗೂ ಸಿಗುವ ಉತ್ತರ ಅದೇ, ಲಿಮಿಟ್ಟಿಗೆ ಬರಲ್ಲ. ಮಾತಾಡುವ ಹಕ್ಕು ಆ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಮಾತಾಡಬೇಕಾದ ವಿಷಯವೇ ಪಂಚಾಯಿತಿಯಿಂದ ಆಚೆ ಹೊರಟುಹೋಗಿತ್ತು. ಅಧಿಕಾರ ವಿಕೇಂದ್ರೀಕರಣದ ಬಗ್ಗೆ ನಾನು ಪಾಠ ಮಾಡಿದ ಎಲ್ಲಕ್ಕಿಂತ ಇದು ನನಗೆ ಹೆಚ್ಚು ಕಲಿಸಿದೆ, ಹೆಚ್ಚು ನೋಯಿಸಿದೆ ಕೂಡ.

ಕೆರೆಗಾಗಿಯೇ ಬೇರೆ ಸಂಘ ಕಟ್ಟಿದರಾಗದೇ ಎಂದು ಕೇಳುವವರಿದ್ದಾರೆ. ಆ ಪ್ರಯೋಗವೂ ನಡೆದಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ವಿದೇಶಿ ಸಾಲದ ನೆರವಿನಿಂದ ಕೆರೆಗಳ ಹೂಳೆತ್ತುವ ಯೋಜನೆ ಬಂದು, ಊರೂರಿಗೆ ಕೆರೆ ಬಳಕೆದಾರರ ಸಂಘ ಹುಟ್ಟಿತು. ನಮ್ಮ ಸುತ್ತಮುತ್ತ ನಾನು ಕಂಡಂತೆ, ಹಣ ಬರುವಷ್ಟು ದಿನ ಸಂಘ ಇತ್ತು; ಆಮೇಲೆ ಹಳದಿ ಬೋರ್ಡು ಉಳಿಯಿತು. ಸಂಘದಲ್ಲಿದ್ದವರು ಕೆಟ್ಟವರೇನಲ್ಲ. ಅದಕ್ಕೆ ತೆರಿಗೆ ಹಾಕುವ ಹಕ್ಕಿಲ್ಲ, ದಂಡ ಹಾಕುವ ಹಕ್ಕಿಲ್ಲ, ಐದು ವರ್ಷಕ್ಕೊಮ್ಮೆ ಜನರ ಮುಂದೆ ಹೋಗಬೇಕಾದ ಭಯವಿಲ್ಲ. ಇದೆಲ್ಲ ಇರುವುದು ಪಂಚಾಯಿತಿಗೆ. ಹೊಸ ಹೊಸ ಸಮಿತಿಗಳನ್ನು ಪಕ್ಕದಲ್ಲಿ ಕಟ್ಟುತ್ತಾ ಹೋಗುವುದಕ್ಕಿಂತ, ಈಗಾಗಲೇ ಕಾಯ್ದೆಯಲ್ಲಿರುವ ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯ ಸಮಿತಿಗಳಿಗೆ ಜೀವ ತುಂಬುವುದು ಮೇಲು.

ಕೆರೆ ಒಂದು ಪಂಚಾಯಿತಿಯ ಗಡಿಯೊಳಗೆ ನಿಲ್ಲುವುದಿಲ್ಲ ಎನ್ನುವುದೂ ನಿಜ. ನಮ್ಮ ಕೋಡಿಯ ನೀರು ಪಕ್ಕದ ಪಂಚಾಯಿತಿಯ ಕೆರೆಗೆ, ಅಲ್ಲಿಂದ ಮುಂದಿನ ತಾಲ್ಲೂಕಿಗೆ. 2021ರ ನವೆಂಬರ್ ಮಳೆಗೆ ದಶಕಗಳಿಂದ ತುಂಬದ ಕೆರೆಗಳೆಲ್ಲ ಕೋಡಿ ಬಿದ್ದವು. ಊರೂರಲ್ಲಿ ಗಂಗಮ್ಮನ ಪೂಜೆ, ದೀಪೋತ್ಸವ. ಅದೇ ವಾರ ಮುಚ್ಚಿಹೋದ ರಾಜಕಾಲುವೆಗಳಿಂದ ನೀರು ಹೊಲಗಳಿಗೆ ನುಗ್ಗಿ ರಾಗಿ, ಟೊಮ್ಯಾಟೊ ಕೊಳೆತವು. ಮೇಲಿನ ಊರು ಕೆಳಗಿನ ಊರಿನೊಂದಿಗೆ ಕೂತು ಮಾತಾಡಬೇಕಾದ ಜಾಗ ಯಾವುದು? ತಾಲ್ಲೂಕು ಪಂಚಾಯಿತಿ. ಅದರ ಮೇಲೆ ಜಿಲ್ಲಾ ಪಂಚಾಯಿತಿ. ಇವಕ್ಕೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ವರ್ಷದ ಮೇಲೆ ವರ್ಷ ಉರುಳಿ, ಅಧಿಕಾರಿಗಳೇ ಆಡಳಿತಾಧಿಕಾರಿಗಳಾಗಿ ಕುಳಿತರು. ನೀರು ಊರಿಂದ ಊರಿಗೆ ಹರಿಯುವ ಜಿಲ್ಲೆಯಲ್ಲಿ ಊರುಗಳನ್ನು ಸೇರಿಸಿ ಕೂರಿಸುವ ಸಭಾಂಗಣಕ್ಕೇ ಬೀಗ.

ನನಗೆ ಇದು ಕೇವಲ ಆಡಳಿತದ ಲೋಪವಾಗಿ ಕಾಣುವುದಿಲ್ಲ. ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಕಾಲವನ್ನು ನೋಡಿದವಳು ನಾನು. ಬರದ ಊರುಗಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಅವರ ಕಾಲದ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಜಿಲ್ಲೆಯನ್ನು ಜಿಲ್ಲೆಯ ಜನರೇ ನಡೆಸಬಲ್ಲರು ಎಂಬ ನಂಬಿಕೆಗೆ ಅಷ್ಟು ದೊಡ್ಡ ಕುರ್ಚಿ ಹಾಕಿಕೊಟ್ಟಿದ್ದರು. ನಮ್ಮ ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳ ಮೇಲೆ ಮುಂದೆ 1993ರ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ, ಅದರ ಹೆಸರಿಗೇ 'ಗ್ರಾಮ ಸ್ವರಾಜ್' ಸೇರಿತು. ವಾರ್ಡ್ ಸಭೆಯಿಂದ ಶುರುವಾಗಿ ಜಿಲ್ಲೆಯವರೆಗೆ ಯೋಜನೆ ಕೆಳಗಿನಿಂದ ಮೇಲಕ್ಕೆ ಏರಬೇಕು ಎಂದು ಅದರಲ್ಲಿ ಬರೆದಿದೆ. ಮೆಟ್ಟಿಲಿನ ಮೇಲಿನ ಎರಡು ಹಂತಗಳಲ್ಲಿ ಆಯ್ಕೆಯಾದವರೇ ಇಲ್ಲದಿದ್ದರೆ ಯೋಜನೆ ಏರುವುದಾದರೂ ಎಲ್ಲಿಗೆ? 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದ ಗ್ರಾಮ ಪಂಚಾಯಿತಿಗಳ ಅವಧಿಯೂ ಐದೇ ವರ್ಷದ್ದು. ಅಲ್ಲಿಗೂ ಆಡಳಿತಾಧಿಕಾರಿ ಬಂದು ಕೂರುವುದನ್ನು ನಾವು ಸಹಜ ಎಂದು ಒಪ್ಪಿಕೊಳ್ಳಬಾರದು. ವಿಧಾನಸಭೆಗೆ ಹೀಗೆ ನಾಲ್ಕೈದು ವರ್ಷ ಚುನಾವಣೆ ನಡೆಯದಿದ್ದರೆ ಸುಮ್ಮನಿರುತ್ತಿದ್ದೆವೇ?

ಹಣದ ಮಾತು. 2021ರಿಂದ 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಊರಿನ ಇಷ್ಟಕ್ಕೆ ಉಳಿದದ್ದು 40. ಅದರಲ್ಲೂ ಕೊಳವೆಬಾವಿ ಮೋಟರು ಮತ್ತು ಬೀದಿ ದೀಪದ ಕರೆಂಟ್ ಬಿಲ್ಲಿನ ಭಾರ ಯಾವ ಪಂಚಾಯಿತಿಗೂ ತಪ್ಪಿದ್ದಲ್ಲ. ನೀರು ಆಳಕ್ಕೆ ಇಳಿದಷ್ಟೂ ಬಿಲ್ಲು ಮೇಲಕ್ಕೆ ಏರುತ್ತದೆ. ಅಂದರೆ ಕೆರೆ ಚೆನ್ನಾಗಿದ್ದರೆ ಪಂಚಾಯಿತಿಯ ಖಜಾನೆಯೂ ಚೆನ್ನಾಗಿರುತ್ತದೆ. ಈ ಸಂಬಂಧವನ್ನು ಒಂದು ಸಲವಾದರೂ ಗ್ರಾಮಸಭೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರೆ, ರಾತ್ರಿ ಮೋಟರ್ ಓಡಿಸುವವನ ಮೇಲೆ ಊರೇ ಕಣ್ಣಿಡುತ್ತದೆ.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ನನಗೆ ಆಧಾರ ನಮ್ಮ ಹಾಲಿನ ಡೇರಿ. ಕೋಲಾರ ಸೀಮೆಯಲ್ಲಿ ಡೇರಿಯಿಲ್ಲದ ಊರು ಸಿಗುವುದು ಕಷ್ಟ. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಫ್ಯಾಟ್ ಎಷ್ಟು ಬಂತು ಎಂದು ಅಲ್ಲೇ ಕಣ್ಣೆದುರಿಗೆ ತೋರುತ್ತದೆ, ಚೀಟಿ ಕೈಗೆ ಬರುತ್ತದೆ. ಸೊನ್ನೆ ಪಾಯಿಂಟ್ ಎರಡು ಕಡಿಮೆ ತೋರಿಸಿದರೆ ಓದಲು ಬಾರದ ಅಜ್ಜಿಯೂ "ಏನಪ್ಪಾ ಇದು, ನಿನ್ನೆ ಅಷ್ಟಿತ್ತಲ್ಲ?" ಎಂದು ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತಾಳೆ. ಲೆಕ್ಕ ಹತ್ತಿರದಲ್ಲಿದೆ, ಪ್ರಶ್ನೆಗೆ ಅವತ್ತೇ ಉತ್ತರವಿದೆ. ಅದೇ ಅಜ್ಜಿ ಪಂಚಾಯಿತಿಯಲ್ಲಿ ಬಾಯಿ ಬಿಡುವುದಿಲ್ಲ. ಅಲ್ಲಿನ ಲೆಕ್ಕ ಕಂಪ್ಯೂಟರಿನೊಳಗೆ ಪಂಚತಂತ್ರ ತಂತ್ರಾಂಶದಲ್ಲಿದೆ, ಬೆಂಗಳೂರಿನಿಂದ ನೋಡುವವರಿಗೆ ಕಾಣುತ್ತದೆ, ಗೋಡೆಯ ಆಚೆ ನಿಂತ ಅವಳಿಗೆ ಕಾಣುವುದಿಲ್ಲ. ಜನಕ್ಕೆ ಆಸಕ್ತಿಯಿಲ್ಲ, ಗ್ರಾಮಸಭೆಗೆ ಯಾರೂ ಬರುವುದಿಲ್ಲ ಎನ್ನುವ ದೂರನ್ನು ನಾನು ಅದಕ್ಕೇ ಒಪ್ಪುವುದಿಲ್ಲ. ತೀರ್ಮಾನ ಆಗುವ ಕಡೆ ಜನ ಬರುತ್ತಾರೆ. ಡೇರಿ ಚುನಾವಣೆಯ ದಿನ ನಮ್ಮೂರಿಗೆ ಬಂದು ನೋಡಿ.

ಕೆರೆಯಾಚೆಗೆ ಇನ್ನೊಂದು ಕೆಲಸವಿದೆ, ಅದು ಬರುಬರುತ್ತಾ ಕೆರೆಗಿಂತ ದೊಡ್ಡದಾಗಲಿದೆ. ನಮ್ಮೂರುಗಳು ಮುಪ್ಪಾಗುತ್ತಿವೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಬಸ್ಸುಗಳು ಶಿಫ್ಟಿಗೆ ಸರಿಯಾಗಿ ಬಂದು ಹುಡುಗ ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತವೆ. ಬಂಗಾರಪೇಟೆ, ಮಾಲೂರು ಕಡೆಯವರು ಬೆಳಗಿನ ರೈಲಿಗೆ ಬೆಂಗಳೂರು ಸೇರುತ್ತಾರೆ. ಸಂಬಳ ಬರುತ್ತದೆ, ಮನೆಗೆ ಟೈಲ್ಸ್ ಬರುತ್ತದೆ. ಹಗಲಲ್ಲಿ ಬೀದಿಯಲ್ಲಿ ಉಳಿಯುವವರು ಮುದುಕರು ಮತ್ತು ಕೂಸುಗಳು. ಬಿ.ಪಿ. ಮಾತ್ರೆ ಮುಗಿದಿದ್ದರೆ ತಂದುಕೊಡುವವರಿಲ್ಲ. ಹೆಬ್ಬೆಟ್ಟಿನ ಗೆರೆ ಸವೆದು ಮೆಷಿನ್ನು ಗುರುತು ಹಿಡಿಯದಿದ್ದರೆ ಪಿಂಚಣಿಗಾಗಿ ನಾಡಕಚೇರಿಗೆ ಕರೆದುಕೊಂಡು ಹೋಗುವವರಿಲ್ಲ. ಪಾರ್ಶ್ವವಾಯು ಬಡಿದು ಮಲಗಿದ ಗಂಡನನ್ನು ಎಪ್ಪತ್ತು ದಾಟಿದ ಹೆಂಡತಿ ಒಬ್ಬಳೇ ಮಗ್ಗುಲು ತಿರುಗಿಸುವುದನ್ನು ನಾನು ನಮ್ಮ ಬೀದಿಯಲ್ಲೇ ನೋಡುತ್ತಿದ್ದೇನೆ.

ಇದನ್ನು ಮನೆಯವರ ಪಾಡು ಎಂದು ಬಿಡುವ ಕಾಲ ಹೋಯಿತು. ಕೇರಳ 1996ರಲ್ಲಿ ಜನಕೀಯಾಸೂತ್ರಣ, ಅಂದರೆ ಜನರೇ ಯೋಜನೆ ರೂಪಿಸುವ ಕಾರ್ಯಕ್ರಮ ಆರಂಭಿಸಿ, ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಅಲ್ಲಿ 2008ರಲ್ಲಿ ಉಪಶಾಮಕ ಆರೈಕೆಗೆಂದೇ ನೀತಿ ಬಂದ ಮೇಲೆ, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗಿ ಗಾಯ ತೊಳೆದು, ನಳಿಕೆ ಬದಲಾಯಿಸಿ ಬರುವ ವ್ಯವಸ್ಥೆಯನ್ನು ಪಂಚಾಯಿತಿಗಳೇ ತಮ್ಮ ಹಣದಿಂದ ನಡೆಸುತ್ತಿವೆ. ಕೇರಳದ ಮಣ್ಣು ಬೇರೆ, ಸಾಕ್ಷರತೆ ಬೇರೆ, ಒಪ್ಪುತ್ತೇನೆ. ಆದರೆ ಬೀಜ ನಮ್ಮಲ್ಲೂ ಬಿದ್ದಿದೆ. ಮನೆ ಮನೆಗೆ ಹೋಗಿ ಬಿ.ಪಿ., ಸಕ್ಕರೆ ಕಾಯಿಲೆ ತಪಾಸಣೆ ಮಾಡುವ 'ಗೃಹ ಆರೋಗ್ಯ' 2024ರಲ್ಲಿ ಮೊದಲು ಆರಂಭವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 'ಕೂಸಿನ ಮನೆ' ನಡೆಸುವುದಾಗಿ 2023ರಲ್ಲಿ ಸರ್ಕಾರ ಹೇಳಿತು, ರಾಜ್ಯದ 4,000 ಪಂಚಾಯಿತಿಗಳಲ್ಲಿ. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದು ಅರಿವು ಕೇಂದ್ರಗಳಾದ ಮೇಲೆ ನಮ್ಮ ಊರಿನ ಲೈಬ್ರರಿಯಲ್ಲಿ ಮಕ್ಕಳ ಸದ್ದು ಕೇಳುತ್ತಿದೆ. ಕೋವಿಡ್ ಸಮಯದಲ್ಲಿ ಪಂಚಾಯಿತಿಯ ಕಾರ್ಯಪಡೆ ಮನೆ ಮನೆಗೆ ಹೋಗಿದ್ದನ್ನೂ ನೋಡಿದ್ದೇವೆ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಯಾವ ಕಾಯಿಲೆ ಎಂದು ಪಟ್ಟಿ ಮಾಡಿದ್ದು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ನೀರುಬಿಡುವವನು, ಬಿಲ್ ಕಲೆಕ್ಟರ್. ಆ ಪಟ್ಟಿ ಕೋವಿಡ್ ಮುಗಿದ ಮೇಲೆ ಯಾವ ಕಪಾಟಿಗೆ ಹೋಯಿತೋ. ಅದನ್ನು ಪ್ರತಿ ವರ್ಷ ಹೊಸದು ಮಾಡುತ್ತಿದ್ದರೆ, ಒಂಟಿಯಾಗಿರುವ ಪ್ರತಿ ಮುದುಕರ ಹೆಸರು ಪಂಚಾಯಿತಿಗೆ ಗೊತ್ತಿರುತ್ತಿತ್ತು.

ಇದಕ್ಕೆ ದುಡ್ಡು ಎಲ್ಲಿ ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಹೆದ್ದಾರಿಯ ಎರಡೂ ಬದಿ ಕಾರ್ಖಾನೆಗಳು, ಗೋದಾಮುಗಳು, ಪಿ.ಜಿ.ಗಳು ಎದ್ದಿವೆ. ಅಲ್ಲಿ ದುಡಿಯುವ ಸಾವಿರಾರು ಹೆಣ್ಣುಮಕ್ಕಳು ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದವರು. ಅವರ ಬಾಡಿಗೆಯಿಂದ ನಮ್ಮೂರುಗಳ ಮನೆಗಳು ನಡೆಯುತ್ತಿವೆ, ಅವರ ಕಸ ನಮ್ಮ ಕುಂಟೆಗೆ ಬೀಳುತ್ತಿದೆ, ರಾತ್ರಿ ಶಿಫ್ಟು ಮುಗಿಸಿ ಬರುವ ದಾರಿಯಲ್ಲಿ ಅವರಿಗೆ ದೀಪವಿಲ್ಲ. ಗ್ರಾಮಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ, ಅವರ ಓಟು ಇಲ್ಲಿಲ್ಲವಲ್ಲ. ಕಟ್ಟಡ ತೆರಿಗೆಯನ್ನು ಸರಿಯಾಗಿ ಅಳೆದು ವಸೂಲು ಮಾಡಿದರೆ, ಮತ್ತು ಕೈಗಾರಿಕಾ ಪ್ರದೇಶದ ತೆರಿಗೆಯಲ್ಲಿ ಅಕ್ಕಪಕ್ಕದ ಪಂಚಾಯಿತಿಗಳಿಗೆ ನ್ಯಾಯವಾದ ಪಾಲು ಸಿಕ್ಕರೆ, ಒಬ್ಬ ನರ್ಸಮ್ಮನ ಸಂಬಳ, ಒಂದಿಷ್ಟು ದೀಪ, ಒಂದು ಕಸದ ಗಾಡಿಗೆ ಪಂಚಾಯಿತಿ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಜನ ತೆರಿಗೆ ಕಟ್ಟುವುದಿಲ್ಲ ಎನ್ನುತ್ತಾರೆ. ಡೇರಿಯಲ್ಲಿ ಸಂಘದ ಕಟ್ಟಡಕ್ಕೆಂದು ಲೀಟರಿಗೆ ಇಷ್ಟು ಎಂದು ಹಿಡಿದುಕೊಂಡಾಗ ನಮ್ಮೂರಿನವರು ತಕರಾರಿಲ್ಲದೆ ಕೊಟ್ಟರು. ಕಟ್ಟಡ ಕಣ್ಣ ಮುಂದೆ ಏಳುತ್ತಿತ್ತು.

ನಾನು ಕೇಳುತ್ತಿರುವುದು ದೊಡ್ಡ ಕ್ರಾಂತಿಯಲ್ಲ. ಕೆರೆ ಯಾವ ಇಲಾಖೆಗೇ ಸೇರಿರಲಿ, ಅದರ ನೀರಿನ ಪರೀಕ್ಷೆಯ ವರದಿ ಪ್ರತಿ ಮೂರು ತಿಂಗಳಿಗೊಮ್ಮೆ ಅರಿವು ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಬೇಕೆಂದಿದೆ. ಕಲಿತವರು ನಲ್ಲಿಯ ನೀರಿನ ಜೊತೆಗೆ ಕೆರೆಯ ನೀರನ್ನೂ ನೋಡಲಿ. ಯಾವ ಕೆರೆಗೆ ಯಾವಾಗ ನೀರು ಬಿಡುತ್ತಾರೆ ಎಂಬ ತೀರ್ಮಾನ ಮಾಡುವ ಸಭೆಗೆ ಆ ಸಾಲಿನ ಎಲ್ಲ ಪಂಚಾಯಿತಿಗಳ ಅಧ್ಯಕ್ಷರನ್ನು ಕೂರಿಸಬೇಕು. ಕದ್ದು ನೀರೆತ್ತುವವರಿಗೆ ದಂಡ ಹಾಕುವ ಅಧಿಕಾರ ಪಂಚಾಯಿತಿಗೂ ಇರಬೇಕು, ಆ ದಂಡ ಅದೇ ಕೆರೆಯ ತೂಬು, ಏರಿಗೆ ಹೋಗಬೇಕು. ನೀರಗಂಟಿ ಮನೆತನಗಳಲ್ಲಿ ಇನ್ನೂ ಉಳಿದಿರುವ ತಿಳಿವಳಿಕೆಯನ್ನು ಬರೆದಿಟ್ಟು, ಅದಕ್ಕೆ ಸಂಬಳ ಕೊಟ್ಟು, ಮರ್ಯಾದೆ ಕೊಟ್ಟು ಬಳಸಿಕೊಳ್ಳಬೇಕು. ನೀರಗಂಟಿಗೆ ಸಂಬಳದ ಬದಲು ರಾಗಿಯ ಕಟ್ಟನ್ನು ಕೂಲಿಯಾಗಿ ಕೊಡುತ್ತಿದ್ದ ಕಾಲ ಮತ್ತೆ ಬರಬಾರದು.

ನನ್ನ ವಿದ್ಯಾರ್ಥಿನಿಯೊಂದಿಗೆ ಇದನ್ನೆಲ್ಲ ಮಾತಾಡಿದಾಗ ಅವಳು ಒಂದು ಮಾತು ಹೇಳಿದಳು: "ಮೇಡಂ, ಮುಂದಿನ ಸಲ ಓಟು ಕೇಳೋಕೆ ಬರೋರ ಹತ್ರ ಸೈಟು, ಮನೆ ಕೇಳೋ ಬದಲು ಊರವರೆಲ್ಲ ಸೇರಿ ಎರಡೇ ಪ್ರಶ್ನೆ ಕೇಳಿದ್ರೆ ಸಾಕು. ಕೆರೆ ಮೀನಿನ ಗುತ್ತಿಗೆ ದುಡ್ಡು ಎಷ್ಟು ಬಂತು, ಎಲ್ಲಿಗೆ ಹೋಯ್ತು? ಈ ಬೀದೀಲಿ ಒಬ್ಬೊಬ್ಬರೇ ಇರೋ ಮುದುಕರ ಹೆಸರು ಹೇಳ್ತೀರಾ?" ಅವಳೇ ಮತ್ತೆ ನಿಲ್ಲುವುದಾದರೆ ಅವಳನ್ನೂ ಇದನ್ನೇ ಕೇಳುತ್ತೇನೆ ಎಂದೆ. "ಕೇಳಿ ಮೇಡಂ, ನಾನು ಈಗಿಂದಲೇ ಪಟ್ಟಿ ಬರೀತೀನಿ" ಎಂದಳು. ಮೇಲಿನ ಬೀದಿ ಅವಳದು, ಕೆಳಗಿನ ಬೀದಿಯ ಪಟ್ಟಿ ನಾನು ಮಾಡುತ್ತೇನೆ ಎಂದು ಮಾತಾಗಿದೆ. ಮುಂದಿನ ಗ್ರಾಮಸಭೆಗೆ ಎರಡನ್ನೂ ಸೇರಿಸಿ, ನಡಾವಳಿಯಲ್ಲಿ ದಾಖಲು ಮಾಡಿಸಲು ಅರ್ಜಿ ಕೊಡುತ್ತೇವೆ.